ತವರುಮನೆ ಬಸ್ಸು ಹತ್ತಿ ಬಂದಿತು

ನನ್ನ ಹೆಂಡತಿಗೆ ಎಂಟು ತಿಂಗಳು ತುಂಬಿದಾಗ ನಾವು ದೋಣಿಮಲೈ ಕ್ವಾರ್ಟರ್ಸಿನಲ್ಲಿದ್ದೆವು. ನಾನು ಗಣಿಯ ಲ್ಯಾಬಿನಲ್ಲಿ ಅದಿರು ಪರೀಕ್ಷೆ ಮಾಡುತ್ತಿದ್ದೆ, ಆಕೆ ಸಂಡೂರಿನ ಶಾಲೆಯೊಂದರಲ್ಲಿ ಟೀಚರ್. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಎರಡೂ ಮನೆಗಳ ರೂಢಿ. ಆದರೆ ಕಂಪ್ಲಿಯ ಆ ತವರಿನಲ್ಲಿ ಬಾಣಂತನ ಮಾಡಲು ಹೆಂಗಸರೇ ಇರಲಿಲ್ಲ. ಅತ್ತೆ ತೀರಿಕೊಂಡು ಐದು ವರ್ಷವಾಗಿತ್ತು. ನನ್ನ ತಾಯಿಯೋ ಸೊಂಟ ಮುರಿದುಕೊಂಡು ಪಾಪಿನಾಯಕನಹಳ್ಳಿಯ ಅಕ್ಕನ ಮನೆಯಲ್ಲಿ ಮಲಗಿದ್ದಳು.

ಏನು ಮಾಡುವುದೆಂದು ನಾವು ಯೋಚಿಸುತ್ತಿರುವಾಗಲೇ ಒಂದು ಭಾನುವಾರ ಬೆಳಿಗ್ಗೆ ಮಾವ ಟ್ರಂಕು ಹೊತ್ತುಕೊಂಡು ಬಸ್ಸಿಳಿದು ಬಂದರು. ಬಾಗಿಲಲ್ಲೇ ನಿಂತು, “ಮಗಳು ತವರುಮನಿಗೆ ಬರಬೇಕಿತ್ತು, ಆಗಲಿಲ್ಲ. ಅದಕ್ಕ ತವರುಮನೀನ ಇಲ್ಲಿ ಬಂದೈತ್ರಿ” ಎಂದರು.

ಮಾವ ಮೂವತ್ತು ವರ್ಷ ರೈಸ್‌ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಟ್ರಂಕಿನಲ್ಲಿ ಬೆಳ್ಳುಳ್ಳಿ, ಕೊಬ್ಬರಿ, ಅಳವಿ ಬೀಜ ಇದ್ದವು. ಅವುಗಳ ಅಡಿಯಲ್ಲಿ ಅತ್ತೆಯ ಆರು ಹಳೆಯ ನೂಲಿನ ಸೀರೆಗಳು. ಬಾಣಂತಿಯ ಕೋಣೆಯೊಳಕ್ಕೆ ಹೋಗುತ್ತಿದ್ದ ಸಾಮಾನುಗಳನ್ನು ಹಿಂದೆ ಹೊರಗೆ ಕುಳಿತು ನೋಡಿದ್ದರಂತೆ. ಒಳಗೆ ಅವುಗಳಿಂದ ಏನು ಮಾಡುತ್ತಿದ್ದರೋ ಅವರಿಗೆ ತಿಳಿದಿರಲಿಲ್ಲ.

ನನ್ನ ತಿಳಿವಳಿಕೆ ಅದಕ್ಕಿಂತ ಹೆಚ್ಚಿನದೇನಲ್ಲ. ಫೋನಿನಲ್ಲಿ ಓದಿ ಪಟ್ಟಿ ಮಾಡಿಕೊಂಡು ಹೊಸಪೇಟೆಗೆ ಹೋಗಿ, ಕೈಯಲ್ಲಿ ಒತ್ತುವ ಹಾಲಿನ ಪಂಪು ತಂದಿದ್ದೆ. ಮಾವ ಅದನ್ನು ಪೇಪರಿನ ಮೇಲೆ ಬಿಚ್ಚಿ ಹರವಿದರು.

“ವಾಲ್ವ್ ನೋಡ್ರಿ, ಇಷ್ಟೇ ಇಷ್ಟು ರಬ್ಬರ್. ಇದು ಮಡಿಚಿದ್ರ ಇಡೀ ಮಷಿನ್ ವೇಸ್ಟ್” ಎಂದವರು, ರಬ್ಬರನ್ನು ಬೆಳಕಿಗೆ ಹಿಡಿದು ಕೇಳಿದರು: “ಕೂಸೂ ಹಿಂಗ ಗಾಳಿ ಜಗ್ಗೇ ಕುಡೀತೈತೇನು?”

ಇಬ್ಬರೂ ಹೆಂಡತಿಯ ಕಡೆ ತಿರುಗಿದೆವು.

“ನನ್ನ ಮುಖ ನೋಡಬ್ಯಾಡ್ರಿ. ನನಗೂ ಇದು ಮೊದಲನೇ ಸಲ” ಎಂದಳು ಆಕೆ.

ಪಕ್ಕದ ಕ್ವಾರ್ಟರ್ಸಿನಲ್ಲಿ ನರ್ಸ್ ಒಬ್ಬರಿದ್ದರು. ಹೆಂಡತಿ ಅವರನ್ನು ಕರೆತಂದಳು. ಪೇಪರಿನ ಮೇಲೆ ಹರಡಿದ್ದ ಪಂಪು, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ ಇಬ್ಬರು ಗಂಡಸರನ್ನು ಅವರು ನೋಡಿದರು. ನಗಲಿಲ್ಲ. ಅದಕ್ಕೆ ನಾನು ಇವತ್ತಿಗೂ ಋಣಿ.

“ಕೂಸು ಬರೇ ಗಾಳಿ ಜಗ್ಗಲ್ರಿ. ನಾಲಿಗಿ, ದವಡಿ ಎಲ್ಲಾ ಆಡಿಸಿ ಕುಡೀತೈತಿ” ಎಂದರು. “ಪಂಪು ಮ್ಯಾಲೆತ್ತಿಡ್ರಿ, ಈಗ ಬ್ಯಾಡ. ಬೆನ್ನಿಗೆ ಆಸರಿರೋ ಕುರ್ಚಿ ಬೇಕು, ಕಾಲಿಡಾಕ ಒಂದು ಮಣಿ ಬೇಕು. ಕೈಗೆ ಸಿಗೋ ಹಂಗ ನೀರು, ಮೆತ್ತನ ಬಟ್ಟಿ. ಒಂದು ಬಟ್ಟಲು, ಚಮಚ ಕುದಿಸಿಟ್ಟುಕೊಳ್ರಿ. ಮೊದಲನೇ ದಿನ ಒಂದು ಸಲಕ್ಕ ಚಮಚದಷ್ಟು ಹಳದಿ ಹಾಲು ಬಂದ್ರೂ ಹೆದರಬ್ಯಾಡ್ರಿ.”

“ಆ ಹಳದಿ ಹಾಲು ನಮ್ಮ ಕಡಿ ಹಿಂಡಿ ಚೆಲ್ಲತಿದ್ರಲ್ರಿ?” ಎಂದರು ಮಾವ.

“ಚೆಲ್ಲಬಾರ್ದು. ಅದನ್ನ ಮೊದಲು ಕೊಡಬೇಕು.”

ಮಾವ ಆ ಮಾತನ್ನು ತಮ್ಮಷ್ಟಕ್ಕೆ ಇನ್ನೊಮ್ಮೆ ಹೇಳಿಕೊಂಡರು.

ಮನೆಯಲ್ಲಿದ್ದ ಮರದ ಕುರ್ಚಿಯನ್ನು ಒಳಕೋಣೆಯ ಮೂಲೆಗೆ ಸರಿಸಿದೆವು. ಕಾಲಿಗೆ ಮಣೆ ಹೊಂದಿಸಿದೆವು. ಸಾಕೆಂದು ನಾನು ಕೈ ತೊಳೆಯಲು ಹೊರಟರೆ ಮಾವ ತಡೆದರು.

“ಭಾರ ಹಾಕಿ ನೋಡದಿದ್ರ ಟೆಸ್ಟ್ ಮಾಡಿದಂಗಲ್ಲ.”

ಮೂರು ಕಿಲೋ ಅಕ್ಕಿಯನ್ನು ಚೀಲಕ್ಕೆ ತುಂಬಿ, ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. ನಾನು ಕುರ್ಚಿಯಲ್ಲಿ ಕುಳಿತು ಅಕ್ಕಿಯ ಕೂಸನ್ನು ಎದೆಗೆ ಹಿಡಿದುಕೊಂಡೆ. ಐದು ನಿಮಿಷ ಏನೂ ಅನಿಸಲಿಲ್ಲ. ಹತ್ತು ನಿಮಿಷಕ್ಕೆ ಹೆಗಲು ಜಡವಾಯಿತು. ಕಾಲು ಗಂಟೆಯಾಗುವಷ್ಟರಲ್ಲಿ ನನಗೇ ತಿಳಿಯದಂತೆ ನಾನು ಅಕ್ಕಿಯ ಮೇಲೆ ಬಾಗಿಬಿಟ್ಟಿದ್ದೆ. ಮೂರು ಕಿಲೋ ಇಷ್ಟು ಭಾರವೆಂದು, ದಿನವೂ ಅದಿರು ತೂಗುವ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

“ನೀವು ಕೂಸಿನ ಕಡಿ ಬಗ್ಗಬಾರ್ದಂತ್ರಿ, ಕೂಸನ್ನ ನಿಮ್ಮ ಕಡಿ ತರಬೇಕಂತ” ಎಂದು ಹೆಂಡತಿ ಮಂಚದ ಮೇಲಿಂದ ಹೇಳಿದಳು. ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಿದ್ದಳು.

ಮಾವ ಒಂದು ಸೀರೆಗೆ ಬೂರುಗದ ಹತ್ತಿ ತುಂಬಿ ದಿಂಬು ಹೊಲಿದರು. ಮೊದಲನೆಯದು ಎತ್ತರವಾಯಿತು, ಬಿಚ್ಚಿ ಹತ್ತಿ ತೆಗೆದದ್ದಕ್ಕೆ ತೀರಾ ಚಪ್ಪಟೆಯಾಯಿತು. ಮೂರನೆಯ ಸಲ ಸರಿಹೋಯಿತು. ಆಮೇಲೆ ಹೆಂಡತಿಯೇ ಕುಳಿತು ನೋಡಿ, ಕುರ್ಚಿಯ ಬಲಗಡೆಯ ಹಿಡಿ ಮೊಣಕೈಗೆ ಬಡಿಯುತ್ತದೆ ಎಂದಳು. ಮಾವ ಗರಗಸ ತಂದು ಅದನ್ನು ಕೊಯ್ದು ಹಾಕಿದರು.

ಉಳಿದ ಸೀರೆಗಳನ್ನು ಹರಿದು ಚೌಕ ಮಾಡಿ, ಕುದಿಸಿ, ಅಂಗಳದ ತಂತಿಗೆ ಹಾಕಿದೆ. ಸಂಜೆ ನೋಡಿದರೆ ಎಲ್ಲವೂ ನಸುಗೆಂಪಾಗಿದ್ದವು. ನಮ್ಮ ಬಟ್ಟೆಗಳಿಗೂ ದಿನಾ ಗಣಿಯ ಧೂಳು ಕೂರುತ್ತಿತ್ತು, ನಾನು ಗಮನಿಸಿರಲೇ ಇಲ್ಲ. ಮತ್ತೆ ಕುದಿಸಿ, ಬಿಸಿಲು ಬೀಳುವ ಕಿಟಕಿಯ ಬಳಿ ಹಗ್ಗ ಕಟ್ಟಿ, ಮೇಲೆ ಸೊಳ್ಳೆಪರದೆ ಹೊದಿಸಿದೆವು.

ಹೊಸಪೇಟೆಯ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಮೂರನೆಯ ದಿನ ಮನೆಗೆ ಬಂದೆವು. ಅಲ್ಲಿಯವರೆಗೆ ಚೆನ್ನಾಗಿಯೇ ಕುಡಿಯುತ್ತಿದ್ದ ಮಗು ನಾಲ್ಕನೆಯ ದಿನ ಮಧ್ಯಾಹ್ನ ಬಾಯಿ ಹಚ್ಚುವುದು, ಜಾರುವುದು, ಚೀರುವುದು ಮಾಡತೊಡಗಿತು. ಹೆಂಡತಿಯ ಎದೆ ಕಲ್ಲಿನಂತೆ ಬಿಗಿದಿತ್ತು. ಅಷ್ಟು ಹಾಲಿದ್ದೂ ಮಗುವಿಗೆ ಸಿಗದು. ಆಕೆಯೂ ಅಳತೊಡಗಿದಳು.

ನರ್ಸ್ ಡ್ಯೂಟಿಯಲ್ಲಿದ್ದರು. ಫೋನಿನಲ್ಲೇ ಹೇಳಿದರು: “ಬೆಚ್ಚನ ಬಟ್ಟಿ ಸ್ವಲ್ಪ ಹೊತ್ತು ಇಡ್ರಿ. ಆಮ್ಯಾಲೆ ಕೈಲೆ ಸ್ವಲ್ಪ ಹಾಲು ತಗದು ಮೆತ್ತಗ ಮಾಡಿಕೊಳ್ಳಾಕ ಹೇಳ್ರಿ. ಆಗ ಬಾಯಿ ಹಚ್ಚತೈತಿ. ಹಚ್ಚಲಿಲ್ಲಂದ್ರ ಕರಕೊಂಡು ಬರ್ರಿ.”

ಮಾವ ಅಡುಗೆಮನೆಯಲ್ಲಿ ಬಟ್ಟೆಯನ್ನು ಬಿಸಿನೀರಿಗೆ ಅದ್ದಿ ಹಿಂಡಿ, ತಮ್ಮ ಮುಂಗೈಗೆ ಮುಟ್ಟಿಸಿ ನೋಡಿ ಬಾಗಿಲ ಸಂದಿಯಿಂದ ಕೊಡುತ್ತಿದ್ದರು. ನಾನು ಒಳಗೆ ಒಯ್ಯುತ್ತಿದ್ದೆ. ಹೆಂಡತಿ ಹಲ್ಲು ಕಚ್ಚಿಕೊಂಡು ಬಟ್ಟಲಿಗೆ ಒಂದಿಷ್ಟು ಹಾಲು ಹಿಂಡಿದಳು, ಮಗುವನ್ನು ದಿಂಬಿನ ಮೇಲೆ ಮಲಗಿಸಿ ಹತ್ತಿರ ತಂದಳು. ಎರಡು ಸಲ ಜಾರಿತು. ಮೂರನೆಯ ಸಲ ಬಾಯಿ ಅಗಲಿಸಿ ಹಿಡಿಯಿತು. ಚೀರಾಟ ನಿಂತು, ನುಂಗುವ ಸಣ್ಣ ಸದ್ದು ಕೇಳಿಸತೊಡಗಿತು.

ಹೊರಗೆ ಬಂದೆ. ಮಾವ ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಿದ್ದರು.

“ಕುಡೀತೈತಿ” ಎಂದೆ.

ಅವರು ಗೋಡೆಗೆ ಒರಗಿ ಕುಳಿತರು. “ನನ್ನ ಮಗಳು ಹುಟ್ಟಿದಾಗ ಆಕಿ ಅವ್ವನೂ ಹಿಂಗ ಒಂದಿನ ಅಳತಿದ್ಲು. ನಾನು ಪಡಸಾಲ್ಯಾಗಿದ್ದೆ. ಒಳಗ ಹೋಗೂ ಹಂಗಿರಲಿಲ್ಲ. ಆಮ್ಯಾಲೆ ಸುಮ್ಮನಾದ್ಲು. ಯಾಕ ಅತ್ತಿ ಅಂತ ನಾನು ಕೇಳಲೇ ಇಲ್ರಿ. ಹೆಂಗಸರ ವಿಷಯ ಅಂತ ಬಿಟ್ಟೆ.” ಬಟ್ಟೆಯನ್ನು ಮಡಿಚಿ ಮೊಣಕಾಲ ಮೇಲಿಟ್ಟುಕೊಂಡರು. “ಆಕಿ ಇದ್ದಿದ್ರ ಈಗೂ ನಾವಿಬ್ರೂ ಪಡಸಾಲ್ಯಾಗ ಕುಂತಿರತಿದ್ವಿ.”

ನಾನು ಅವರ ಮೊಣಕಾಲ ಮೇಲಿದ್ದ ಬಟ್ಟೆ ತೆಗೆದುಕೊಂಡು ಕಿಟಕಿಯ ಹಗ್ಗಕ್ಕೆ ಹಾಕಿದೆ.

ಮಾವ ಎರಡು ತಿಂಗಳು ನಮ್ಮ ಜೊತೆಗಿದ್ದರು. ಆ ದಿನದಿಂದ ಅವರಿಗೆ ಕೇಳುವುದರಲ್ಲಿ ಸಂಕೋಚ ಉಳಿಯಲಿಲ್ಲ. ನರ್ಸ್ ಕಾಂಪೌಂಡಿನ ಬಳಿ ಸಿಕ್ಕಾಗಲೆಲ್ಲ ಒಂದು ಪ್ರಶ್ನೆ. ಬಿಕ್ಕಳಿಕೆ ಯಾಕೆ, ಸಬ್ಬಸಿಗೆ ಸೊಪ್ಪು ತಿಂದರೆ ಹಾಲಿಗೆ ವಾಸನೆ ಬರುತ್ತದೆಯೇ, ಕೂಸಿನ ಹೊಟ್ಟೆ ತುಂಬಿದ್ದು ನಮಗೆ ಹೇಗೆ ತಿಳಿಯುತ್ತದೆ. ಕೊನೆಯದಕ್ಕೆ ನರ್ಸ್, “ಕೂಸನ್ನ ನೋಡಿಕೋತ ಕುಂದ್ರಿ, ಅದೇ ಹೇಳತೈತಿ” ಎಂದು ಡ್ಯೂಟಿಗೆ ಹೊರಟುಬಿಟ್ಟರು.

ಅಂದು ಸಂಜೆ ಹೆಂಡತಿ ಸೆರಗು ಹೊದ್ದು ಹಾಲೂಡಿಸುವಾಗ ಮಾವ ಅಷ್ಟು ದೂರದಲ್ಲಿ ಸ್ಟೂಲು ಹಾಕಿಕೊಂಡು ಕುಳಿತರು. ಸೆರಗಿನಿಂದ ಹೊರಗೆ ಕಾಣುತ್ತಿದ್ದದ್ದು ಮಗುವಿನ ಒಂದು ಕೈ ಮಾತ್ರ. ಅವರು ಅದನ್ನೇ ನೋಡುತ್ತಿದ್ದರು. ಸುಮಾರು ಇಪ್ಪತ್ತು ನಿಮಿಷದ ಮೇಲೆ ನನ್ನನ್ನು ಮೆಲ್ಲಗೆ ಕರೆದರು.

“ಬರ್ರಿ ಇಲ್ಲಿ. ಶುರು ಮಾಡಿದಾಗ ಮುಷ್ಟಿ ಬಿಗಿ ಇತ್ತು. ಈಗ ನೋಡ್ರಿ, ಒಂದೊಂದೇ ಬೆರಳು ಬಿಚ್ಚಾಕ ಹತ್ತೈತಿ.”