ಎಡಗಡೆ ನಿಲ್ಲುವ ಹೌಸಾ ಮಾವಶಿ

ಬೆಳಗಿನ ಆರು ಗಂಟೆ. ಮಿರಜಿನ ಆಸ್ಪತ್ರೆಯೊಂದರ ಎರಡನೇ ಮಹಡಿಯಲ್ಲಿ ರಾತ್ರಿಯ ದೀಪಗಳನ್ನು ಇನ್ನೂ ಆರಿಸಿಲ್ಲ. ನಾಲ್ಕನೇ ಹಾಸಿಗೆಯ ಎಡಪಕ್ಕದಲ್ಲಿ ಹೌಸಾಬಾಯಿ ಆವಳೆ ಚಹಾದ ಲೋಟ ಹಿಡಿದು ನಿಂತಿದ್ದಾರೆ. ಹಾಸಿಗೆಯಲ್ಲಿರುವ ಅಜ್ಜ ಬಲಗಡೆಯ ಬಾಗಿಲನ್ನೇ ನೋಡುತ್ತ ರೇಗುತ್ತಿದ್ದಾರೆ.

"ಏ ಮಾವಶಿ, ಎಲ್ಲಿ ಹಾಳಾಗಿ ಹೋದಿ? ಊರಿಗೆಲ್ಲ ಚಹಾ ಆತು, ನನಗಿಲ್ಲೇನು?"

"ಇಲ್ಲೇ ಅದೀನಿ ಆಬಾ, ನಿಮ್ಮ ಮಗ್ಗಲದಾಗ. ಹೊಳ್ಳಿ ನೋಡ್ರಿ."

"ಸುಳ್ಳ ಹೇಳಬ್ಯಾಡ. ದನಿ ಬರತೈತಿ, ಮಂದಿ ಇಲ್ಲ."

"ದನಿಗೆ ಕೈಯೂ ಐತಿ, ಕೈಯಾಗ ಚಹಾನೂ ಐತಿ. ಆರಿ ತಣ್ಣಗಾದ್ರ ನನ್ನ ಬೈಬ್ಯಾಡ್ರಿ ಮತ್ತ."

ಅಜ್ಜನ ಗದ್ದ ಒಂದಿಷ್ಟು ತಿರುಗಿ ನಡುವೆಯೇ ನಿಲ್ಲುತ್ತದೆ. ಹೌಸಾಬಾಯಿ ಲೋಟವನ್ನು ಮಂಚದ ಕಂಬಿಗೆ ಟಣ್ ಎಂದು ತಾಗಿಸುತ್ತಾರೆ. ಗದ್ದ ಇನ್ನಷ್ಟು ತಿರುಗುತ್ತದೆ. ಕಡೆಗೂ ಲೋಟ ಕಣ್ಣಿಗೆ ಬೀಳುತ್ತದೆ. "ಅಯ್ಯ, ಯಾವಾಗ ಬಂದಿ?" ಎಂದು ಅಜ್ಜ ಬೆರಗಾಗುತ್ತಾರೆ. ಹೌಸಾಬಾಯಿ ಚಹಾ ಕುಡಿಸಿ, ಬಾಯಿ ಒರೆಸಿ, ಐದನೇ ಹಾಸಿಗೆಗೆ ನಡೆಯುತ್ತಾರೆ.

ಅವರಿಗೀಗ ಐವತ್ತೆಂಟು. ಇಪ್ಪತ್ನಾಲ್ಕು ವರ್ಷಗಳಿಂದ ಲಕ್ವಾ ಹೊಡೆದವರ ಈ ವಾರ್ಡಿನಲ್ಲಿ ಆಯಾ ಕೆಲಸ, ಎಲ್ಲರ ಬಾಯಲ್ಲೂ ಮಾವಶಿ, ಅಂದರೆ ಚಿಕ್ಕಮ್ಮ. ಹನ್ನೊಂದು ಹಾಸಿಗೆ, ಬೆಳಗಿನಿಂದ ಎರಡು ಗಂಟೆಯವರೆಗೆ ಪ್ರತಿ ಹಾಸಿಗೆಗೂ ಕಮ್ಮಿಯೆಂದರೆ ಆರು ಸಲ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಉಣ್ಣಿಸುವುದು. ಮೊಣಕಾಲು ಸವೆದಿವೆ. ನೌಕರಿ ಇವತ್ತಿಗೂ ಹನ್ನೊಂದು ತಿಂಗಳ ಗುತ್ತಿಗೆಯದೇ. ಇಷ್ಟರ ನಡುವೆ ಅವರು ಯಾರೂ ಹೇಳದ ಇನ್ನೊಂದು ಕೆಲಸ ಮಾಡುತ್ತಾರೆ: ಎಡಗಡೆಯನ್ನು ಕಳೆದುಕೊಂಡವರಿಗೆ ಅದನ್ನು ಹುಡುಕಿಕೊಡುವುದು.

"ಕಣ್ಣಿಗೆ ಏನೂ ಆಗಿರೂದಿಲ್ಲ," ಎನ್ನುತ್ತಾರೆ ವಾರ್ಡಿನ ಹಿರಿಯ ವೈದ್ಯೆ ಮೃದುಲಾ ಖೋತ. "ಕಂಡಿದ್ದರಾಗ ಯಾವುದರ ಕಡೆ ಲಕ್ಷ್ಯ ಕೊಡಬೇಕು ಅಂತ ಮಿದುಳು ಆರಿಸತೈತಿ. ಮಿದುಳಿನಾಗ ಇಬ್ಬರು ಕಾವಲಿನವರು ಅದಾರ ಅಂದ್ಕೊಳ್ರಿ. ಎಡಭಾಗದಾಂವ ಹೆಚ್ಚಾಗಿ ಬಲಗಡೆಯ ಓಣಿ ಅಷ್ಟ ಕಾಯತಾನ. ಬಲಭಾಗದಾಂವ ಎರಡೂ ಓಣಿ ನೋಡ್ಕೋತಾನ. ಲಕ್ವಾ ಹೊಡದು ಬಲದಾಂವ ಬಿದ್ದ ಅಂದ್ರ, ಎಡಗಡೆ ಓಣಿಗೆ ಯಾರೂ ಇಲ್ಲ." ಅಂಥವರು ತಾಟಿನ ಅರ್ಧ ಉಣ್ಣುತ್ತಾರೆ, ಗಡ್ಡದ ಅರ್ಧ ಬೋಳಿಸಿಕೊಳ್ಳುತ್ತಾರೆ. ಏನೋ ತಪ್ಪಿದೆ ಎಂಬುದು ಮಾತ್ರ ಅವರಿಗೆ ಗೊತ್ತಾಗುವುದಿಲ್ಲ.

ಹೌಸಾಬಾಯಿಗೆ ಇದು ಗೊತ್ತಾದದ್ದು ತಡವಾಗಿ. ಮನೆ ಕಟ್ಟುವ ಗೌಂಡಿಯಾಗಿದ್ದ ಗಂಡ ಮಾರುತಿಗೆ ನಲವತ್ತರಲ್ಲೇ ಲಕ್ವಾ ಹೊಡೆಯಿತು. ಬೇಡಗ ಹಳ್ಳಿಯ ಮನೆಯಲ್ಲಿ ಹಾಸಿಗೆಯ ಬಲಕ್ಕೆ ಗೋಡೆಯಿತ್ತು. ಹೆಂಡತಿ ಕೂರುತ್ತಿದ್ದುದು ಎಡಕ್ಕೆ.

"ತಾಟಿನಾಗ ಬಲಗಡೆ ಇದ್ದ ಝುಣಕಾ ತಿಂತಿದ್ರು, ಎಡಗಡೆ ಭಾಕ್ರಿ ಮುಟ್ಟತಿರಲಿಲ್ಲ. ನನ್ನ ಕೈಯಡಿಗಿ ಬ್ಯಾಡಾಗೈತಿ ಅಂದ್ಕೊಂಡೆ. ಕರದ್ರ ಗೋಡಿ ಕಡೆ ನೋಡತಿದ್ರು. ಸಿಟ್ಟು ಅಂದ್ಕೊಂಡೆ. ನನಗೂ ರೋಷ ಬಂತು, ಮಾತು ಬಿಟ್ಟೆ. ಹದಿನೆಂಟು ದಿನ."

ಹದಿನೆಂಟನೇ ದಿನ ಮಾರುತಿ ತೀರಿಕೊಂಡರು. ಎರಡು ವರ್ಷದ ಮೇಲೆ ಇದೇ ವಾರ್ಡಿನಲ್ಲಿ ನೆಲ ಒರೆಸುತ್ತಿದ್ದಾಗ, ವೈದ್ಯರೊಬ್ಬರು ಯಾವುದೋ ಹೆಂಗಸಿಗೆ ಈ ಕಾಯಿಲೆಯನ್ನು ಬಿಡಿಸಿ ಹೇಳುತ್ತಿದ್ದುದು ಹೌಸಾಬಾಯಿಯ ಕಿವಿಗೆ ಬಿತ್ತು. ಅವತ್ತು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ ಎನ್ನುತ್ತಾರೆ.

ಹೋದ ದೀಪಾವಳಿ ಮುಗಿದ ಮೇಲೆ ಲಕ್ವಾ ಹೊಡೆದು ವಾರ್ಡಿಗೆ ಬಂದವರು ಎಸ್‌ಟಿ ಬಸ್ಸಿನ ಚಾಲಕ ಸರ್ಜೇರಾವ ಮೋಹಿತೆ. ಬೇಡಗದಿಂದ ಮಿರಜಿಗೆ ಬರುವ ಮೊದಲ ಬಸ್ಸು ಅವರದೇ ಆಗಿತ್ತು. ಒಂಬತ್ತು ವರ್ಷ ಹೌಸಾಬಾಯಿ ಬಂದದ್ದು ಅದರಲ್ಲೇ. ನಿಲ್ದಾಣಕ್ಕೆ ಅವರು ಓಡೋಡಿ ಬರುವುದು ಕಂಡರೆ ಸರ್ಜೇರಾವ ಎರಡು ನಿಮಿಷ ಕಾಯುತ್ತಿದ್ದರು. "ಹತ್ರಿ ಮಾವಶಿ, ನಿಮ್ಮ ಸಲುವಾಗಿ ಸೂರ್ಯಾನೂ ತಡಾ ಮಾಡ್ಯಾನ" ಎಂದು ಚೇಷ್ಟೆ ಬೇರೆ.

ಆರು ವಾರದಲ್ಲಿ ಸರ್ಜೇರಾವ ಓಡಾಡತೊಡಗಿದರು. ಕಿರಿಯ ವೈದ್ಯನೊಬ್ಬ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬೆರಳಾಡಿಸಿದ, ಎರಡೂ ಕಂಡವು. ಮರುದಿನ ಕೆಲಸಕ್ಕೆ ಹೋಗಲು ಚೀಟಿ ಸಿಗುವುದಿತ್ತು. ಅವತ್ತೇ ಹೌಸಾಬಾಯಿ ಎರಡೂ ಕೈಯಲ್ಲಿ ಒಂದೊಂದು ಬಾಳೆಹಣ್ಣು ಹಿಡಿದು ಎದುರು ನಿಂತರು.

"ಒಂದ ಹಣ್ಣು ತಂದೀರಲ್ಲ ಮಾವಶಿ! ಜೋಡಿ ತಂದ್ರ ಪಾಪ ಬರತಿತ್ತೇನು?" ಎಂದು ಸರ್ಜೇರಾವ ಬಲಗಡೆಯ ಹಣ್ಣನ್ನು ತೆಗೆದುಕೊಂಡರು. ಅದು ಹೋದ ಕೂಡಲೇ ಎಡಗಡೆಯದು ಕಂಡಿತು. "ಹಾಂ, ಇದನ್ನೆಲ್ಲಿ ಮುಚ್ಚಿಟ್ಟಿದ್ರಿ?"

ಹೌಸಾಬಾಯಿಗೆ ಗುಟ್ಟು ಗೊತ್ತಾಯಿತು. ಎಡಗಡೆ ಒಂದೇ ಇದ್ದರೆ ಕಾಣುತ್ತದೆ. ಬಲಗಡೆಯೂ ಏನಾದರೂ ಇದ್ದರೆ ಎಡಗಡೆಯದು ಅಳಿಸಿಹೋಗುತ್ತದೆ. ಲೋಟ, ಚಮಚ ಹಿಡಿದು ನೋಡಿದರೂ ಅದೇ ಕಥೆ. ರಸ್ತೆಯಲ್ಲಿ ಬಲಗಡೆ ಎದುರಿನ ಲಾರಿ ಇದ್ದೇ ಇರುತ್ತದೆ, ಎಡಗಡೆ ಸೈಕಲ್ಲು, ದನ, ನಿಲ್ದಾಣಕ್ಕೆ ಓಡಿಬರುವ ಹೆಂಗಸರು.

"ರಾತ್ರಿ ಭಾಕ್ರಿ ಸೇರಲಿಲ್ಲ," ಎನ್ನುತ್ತಾರೆ. "ನನಗ ಬಸ್ಸು ನಿಲ್ಲಿಸಿದಾಂವ. ಅವನ ಹೊಟ್ಟಿ ಮ್ಯಾಲೆ ಹೊಡೀಲೇನು? ಆದ್ರ ಸುಮ್ನಿದ್ರ ಯಾರ ಮನಿ ಹಾಳಾಗತೈತೋ!"

ಬೆಳಿಗ್ಗೆ ನರ್ಸಿಗೆ ಹೇಳಿದರೆ, "ಏನ್ ಮಾವಶಿ, ಡಾಕ್ಟರ್ ಆದ್ರೇನು? ಗುತ್ತಿಗಿ ನೆನಪೈತಿ ಇಲ್ಲೋ?" ಎಂಬ ಮಾತು ಬಂತು. ಹೌಸಾಬಾಯಿ ನೇರ ಡಾ. ಖೋತರ ಬಾಗಿಲಿಗೆ ಹೋಗಿ ನಿಂತರು. ವೈದ್ಯೆ ಎರಡೂ ಬೆರಳನ್ನು ಒಟ್ಟಿಗೇ ಆಡಿಸಿದರು. ಸರ್ಜೇರಾವ ಹತ್ತು ಸಲವೂ "ಬಲಗಡೆ ಅಷ್ಟ" ಎಂದರು. ಚೀಟಿ ನಿಂತಿತು.

"ನನ್ನ ಅನ್ನಕ್ಕ ಕಲ್ಲು ಹಾಕಿದಿ," ಎಂದು ಸರ್ಜೇರಾವ ಇಡೀ ವಾರ್ಡು ಕೇಳುವಂತೆ ಕೂಗಿದರು. "ನಿನಗ ಬಸ್ಸು ನಿಲ್ಲಿಸಿದ್ದಕ್ಕ ಇದೇನು ಉಪಕಾರ?"

ಈಗ ಸರ್ಜೇರಾವ ಡಿಪೋದಲ್ಲಿ ಕುಳಿತು ಮಾಡುವ ಕೆಲಸದಲ್ಲಿದ್ದಾರೆ. ಪ್ರತಿ ಗುರುವಾರ ತರಬೇತಿಗೆ ಬರುತ್ತಾರೆ. ಮತ್ತೆ ಬಸ್ಸು ಓಡಿಸುವ ಮಾತನ್ನು ವೈದ್ಯೆ ಇನ್ನೂ ಎತ್ತಿಲ್ಲ. ನಾಲ್ಕು ತಿಂಗಳಾದರೂ ಹೌಸಾಬಾಯಿಯೊಂದಿಗೆ ಮಾತಿಲ್ಲ. ಹೌಸಾಬಾಯಿ ಮಾತ್ರ ಗುರುವಾರ ಬಂತೆಂದರೆ ಪಡಸಾಲೆಯಲ್ಲಿ ಅವರ ಎಡಗಡೆ ಹೋಗಿ ಸುಮ್ಮನೆ ನಿಲ್ಲುತ್ತಾರೆ.

ಈ ಗುರುವಾರವೂ ನಿಂತಿದ್ದಾರೆ, ಕೈಯಲ್ಲಿ ಬಕೆಟ್ಟು. ಡಿಪೋದ ಗೆಳೆಯರಿಬ್ಬರು ಸರ್ಜೇರಾವರ ಬಲಕ್ಕೆ ಕುಳಿತು ಜೋರುಜೋರಾಗಿ ಹರಟುತ್ತಿದ್ದಾರೆ. ಮಾತಿನ ನಡುವೆ ಸರ್ಜೇರಾವ ತಡೆಯುತ್ತಾರೆ. ಕುತ್ತಿಗೆ ಮೆಲ್ಲಗೆ ಎಡಕ್ಕೆ ತಿರುಗುತ್ತದೆ. ಹೌಸಾಬಾಯಿಯನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಹುಬ್ಬು ಗಂಟಿಕ್ಕಿ, ಸರಕ್ಕನೆ ಮುಖ ತಿರುಗಿಸಿಕೊಳ್ಳುತ್ತಾರೆ.

ಹೌಸಾಬಾಯಿ ಬಕೆಟ್ಟನ್ನು ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಬೇಜಾರಾಯಿತೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಬೇಜಾರ ಯಾಕ್ರೀ? ನಮ್ಮ ಮನಿಯವರಿಗೆ ಸಿಟ್ಟು ಇರಲೇ ಇಲ್ಲ, ನಾ ಕಾಣತಿರಲಿಲ್ಲ ಅಷ್ಟ. ಈ ಸರ್ಜೇರಾವ ದಾದಾಂದು ಖರೇ ಸಿಟ್ಟು. ಬಲಗಡೆ ಇಬ್ಬರು ಒದರ್ಲಿಕತ್ತಿದ್ರು, ನಾ ತುಟಿ ಬಿಚ್ಚಿರಲಿಲ್ಲ. ಆದ್ರೂ ಅವಗ ನಾ ಕಂಡೆ."