ಐದನೇ ಡಬ್ಬಿಯಲ್ಲಿ ಏನಿತ್ತು

1996ರ ಬೇಸಿಗೆಯಲ್ಲಿ ನಾನು ಪಾಂಡವಪುರದ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ಅಂದರೆ ಪ್ರೊಜೆಕ್ಟರ್ ಓಡಿಸುವವನು. ನಮ್ಮದು ಮರಗೆಲಸದ ಮನೆತನ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಟಾಕೀಸಿನ ಕುರ್ಚಿ ರಿಪೇರಿಗೆ ಹೋದವನು ಹಾಗೇ ಕ್ಯಾಬಿನ್ ಹತ್ತಿಬಿಟ್ಟೆ. ಈಗ ಇದನ್ನು ಬರೆಯಲು ಕಾರಣ ನನ್ನ ಮೊಮ್ಮಗಳು. ಹೋದ ವಾರ ಅವಳು ತಾನೇ ತೆಗೆದ ಹನ್ನೆರಡು ನಿಮಿಷದ ಸಿನಿಮಾವನ್ನು ಎಲ್ಲರಿಗಿಂತ ಮೊದಲು ನನಗೆ ತೋರಿಸಿದಳು. ನಮ್ಮ ವಂಶದಲ್ಲಿ ಸಿನಿಮಾ ತೆಗೆಯುವವಳು ಹುಟ್ಟಿದಳಲ್ಲ ಎಂದು ನನಗೆ ಕುಣಿಯುವಷ್ಟು ಖುಷಿ. ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ, ಎರಡೆರಡು ಸಲ ಹೇಳಿದೆ. ಆದರೆ "ತಾತ, ಒಂದು ಸೀನೂ ಬುಡ್ದಂಗೆ ನೋಡ್ದಾ?" ಎಂದು ಅವಳು ಕೇಳಿದಾಗ ತಲೆ ತಗ್ಗಿಹೋಯಿತು.

ಆ ಬೇಸಿಗೆಯಲ್ಲಿ ಒಂದು ಹೊಸ ಸಿನಿಮಾವನ್ನು ಬಿಡುಗಡೆಗೆ ಮೊದಲೇ ನಮ್ಮಲ್ಲಿ ಪರೀಕ್ಷೆಗೆ ಹಾಕಿದರು. ಮಂತ್ರಿಯೊಬ್ಬನ ಕಾರಿನ ಡ್ರೈವರ್ ಕೊಲೆಯಾಗುವ ರಾಜಕೀಯದ ಕತೆ. ನಿರ್ಮಾಪಕರು ಕೆ.ಆರ್. ಪೇಟೆ ಕಡೆಯವರು. ಹಳ್ಳಿ ಜನಕ್ಕೆ ಅರ್ಥವಾದರೆ ಮಾತ್ರ ಬಿಡುಗಡೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಿಬಿಟ್ಟಿದ್ದರು. ನಾನೂ ಜನರ ಜೊತೆಯೇ ಮೊದಲ ಸಲ ನೋಡುತ್ತೇನೆ ಎಂದು ಕುಳಿತರು. ಚಿನಕುರಳಿ, ಬೆಳಗೊಳ, ನಾಗಮಂಗಲ ಕಡೆಯಿಂದ ನೂರೈವತ್ತು ಜನರನ್ನು ಕರೆಸಿದ್ದರು. ನಿರ್ದೇಶಕರಿಗೆ ಅದು ಮೊದಲ ಸಿನಿಮಾ. ಮೂವತ್ತರ ಆಸುಪಾಸಿನ ಸಣಕಲು ಮನುಷ್ಯ. ಅವರೆದುರು ಜನ ನಿಜ ಹೇಳುವುದಿಲ್ಲ ಎಂದು ನಿರ್ಮಾಪಕರು ಅವರನ್ನು ಹೊರಗೇ ನಿಲ್ಲಿಸಿದ್ದರು. ಪಾಪ, ಹೊಂಗೆ ಮರದಡಿ ಉಗುರು ಕಚ್ಚುತ್ತಾ ನಿಂತಿದ್ದರು.

ಸಿನಿಮಾ ಏಳು ಡಬ್ಬಿಗಳಲ್ಲಿ ಬಂದಿತ್ತು. ಒಂದೊಂದು ಡಬ್ಬಿಯ ರೀಲು ಹೆಚ್ಚುಕಡಿಮೆ ಇಪ್ಪತ್ತು ನಿಮಿಷ ಓಡುತ್ತದೆ. ಎರಡು ಪ್ರೊಜೆಕ್ಟರ್ ಇರುತ್ತವೆ; ಒಂದರ ರೀಲು ಮುಗಿಯುತ್ತಿದ್ದಂತೆ ಇನ್ನೊಂದನ್ನು ಶುರು ಮಾಡಬೇಕು. ಬೆಳಿಗ್ಗೆ ಹತ್ತೂವರೆಗೆ ಆಟ ಶುರುವಾಯಿತು. ಮೂರನೇ ಡಬ್ಬಿ ನಡುವೆ ಕರೆಂಟು ಹೋಗಿ ಅರ್ಧ ಗಂಟೆ ಬರಲೇ ಇಲ್ಲ. ಕರೆಂಟು ಬಂದು ನಾಲ್ಕನೆಯದು ಓಡುತ್ತಿದ್ದಾಗ ಮ್ಯಾನೇಜರ್ ಕ್ಯಾಬಿನ್ನಿಗೆ ಬಂದ.

"ಮ್ಯಾಟ್ನಿಗೆ ಜನ ಆಗ್ಲೇ ಬಂದು ಗೇಟ್ ತಬ್ಕೊಂಡವ್ರೆ ಕಣ್ಲಾ. ಒಂದು ಡಬ್ಬಿ ಬುಟ್ಬುಡು."

ಇದು ನಮಗೆ ಹೊಸದಲ್ಲ. ಕರೆಂಟು ಹೋಗಿ ಹೊತ್ತಾದರೆ ಹಾಡಿರುವ ರೀಲು ಬಿಟ್ಟು ಹೊತ್ತು ಹೊಂದಿಸಿಕೊಳ್ಳುವುದು ನಮ್ಮ ಕಡೆ ಆಪರೇಟರುಗಳ ರೂಢಿ. ಜನ ಎರಡು ಸಿಳ್ಳೆ ಹೊಡೆದು ಸುಮ್ಮನಾಗುತ್ತಿದ್ದರು. ಆದರೆ ಈ ಸಿನಿಮಾದಲ್ಲಿ ಹಾಡೇ ಇಲ್ಲ! ಐದನೇ ಡಬ್ಬಿ ತೆರೆದು ಫಿಲ್ಮನ್ನು ಒಂದು ಮಾರುದ್ದ ಎಳೆದು ಕಿಟಕಿ ಬೆಳಕಿಗೆ ಹಿಡಿದೆ. ಒಬ್ಬಳು ಹೆಂಗಸು, ಒಬ್ಬ ಮುದುಕ, ಕುಳಿತಿದ್ದಾರೆ. ಇನ್ನೊಂದು ಮಾರು ಎಳೆದೆ. ಆಗಲೂ ಕುಳಿತೇ ಇದ್ದಾರೆ. ಫೈಟಿಲ್ಲ, ಕಾರಿಲ್ಲ. ಬರೀ ಮಾತು, ಹೋದರೇನು ಎಂದುಕೊಂಡೆ. ನಾಲ್ಕರ ಹಿಂದೆ ಆರನೆಯದನ್ನು ಹಾಕಿದೆ.

ಆಟ ಮುಗಿದ ಮೇಲೆ ಜನ ಅಲ್ಲೇ ಜಗಳಕ್ಕಿಳಿದರು. ಕ್ಯಾಬಿನ್ ಕಿಂಡಿಯಿಂದ ಎಲ್ಲ ಕೇಳಿಸುತ್ತಿತ್ತು.

"ಅಲ್ಲ ಕಣ್ಲಾ, ಆ ಡ್ರೈವರ್ನ ಯಾಕ್ಲಾ ಕೊಂದ್ರು?"

"ನೀ ನಿದ್ದೆ ಒಡೀತಿದ್ದೆ, ಅದ್ಕೇ ಗೊತ್ತಾಗಿಲ್ಲ ಬುಡು."

"ನಿದ್ದೆ ಒಡೆದೋನು ನೀನು! ಅಂಗಾರೆ ಯೋಳು ನೋಡವಾ, ಕೊನೇಲಿ ಆ ಎಂಗ್ಸು ಬಂದು ಮಂತ್ರಿ ಕೆನ್ನೆಗೆ ಬಾರ್ಸಿದ್ಳಲ್ಲ, ಯಾರ್ಲಾ ಅವ್ಳು?"

ಅವನಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ನಿರ್ಮಾಪಕರು ನಿರ್ದೇಶಕರನ್ನು ಒಳಗೆ ಕರೆಸಿ, ಜನರ ಮುಂದೆಯೇ ಕೇಳಿದರು: "ಏನಪ್ಪಾ ಇದು? ತಲೆ ಬುಡ ಇಲ್ವಲ್ಲ."

ನಿರ್ದೇಶಕರು ಮೆಟ್ಟಿಲು ಹತ್ತಿ ನನ್ನ ಹತ್ತಿರ ಓಡಿಬಂದರು. ಶರ್ಟು ಬೆವರಿಗೆ ಮೈಗೆ ಅಂಟಿಕೊಂಡಿತ್ತು. ಏದುಸಿರು ಬಿಡುತ್ತಾ ಮೇಜಿನ ಮೇಲಿದ್ದ ಒಂದು ಡಬ್ಬಿಯ ಮೇಲೆ ಕೈಯೂರಿ ನಿಂತರು. ಅದೇ ಐದನೇ ಡಬ್ಬಿ.

"ಅಣ್ಣಾ, ಎಲ್ಲಾ ರೀಲೂ ಓಡ್ಸಿದ್ರಾ?"

ನಿಜ ಹೇಳಲು ಬಾಯಿ ತೆರೆದೆ. ಕೆಲಸ ಹೋಗುತ್ತದೆ ಎಂದು ಹೆದರಿಕೆಯಾಯಿತು. "ಓಡ್ಸಿದೆ ಸಾರ್. ಒಂದೂ ಬುಟ್ಟಿಲ್ಲ" ಎಂದುಬಿಟ್ಟೆ.

ಅವರು ಡಬ್ಬಿಯಿಂದ ಕೈ ತೆಗೆದರು. ಆಮೇಲೆ ಮೆಲ್ಲಗೆ ಕೇಳಿದರು: "ನೀವಾದ್ರೂ ಪೂರ್ತಿ ನೋಡಿದ್ರಲ್ಲಣ್ಣ. ನಿಮಗೆ ಅರ್ಥ ಆಯ್ತಾ?"

"ಆಯ್ತು ಸಾರ್, ಚೆನ್ನಾಗದೆ" ಎಂದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ಹಾಗಾದ್ರೆ ನನಗೇ ಕತೆ ಹೇಳೋಕೆ ಬರಲಿಲ್ಲ ಅಣ್ಣ" ಎಂದು ಇಳಿದುಹೋದರು. ಡಬ್ಬಿಗಳನ್ನು ಜೀಪಿಗೆ ಇಟ್ಟವನು ನಾನೇ. ಐದನೆಯದನ್ನು ಇಡುವಾಗಲೂ ಹೇಳಬಹುದಿತ್ತು. ಅವರು ಪಕ್ಕದಲ್ಲೇ ನಿಂತಿದ್ದರು. ಹೇಳಲಿಲ್ಲ. ಆ ಸಿನಿಮಾ ಬಿಡುಗಡೆಯಾಗಲಿಲ್ಲ. ಆ ನಿರ್ದೇಶಕರ ಹೆಸರಿಗಾಗಿ ಎಷ್ಟೋ ವರ್ಷ ಪೋಸ್ಟರುಗಳನ್ನು ಹುಡುಕಿದೆ, ಒಂದರಲ್ಲೂ ಕಾಣಲಿಲ್ಲ.

ಆಪರೇಟರನ ಕೆಲಸ ಬಂದಿದ್ದನ್ನು ಬಂದ ಹಾಗೆ ಓಡಿಸುವುದು. ಯಾವುದು ಬೇಕು, ಯಾವುದು ಬೇಡ ಎಂದು ಕಿಟಕಿ ಬೆಳಕಿನಲ್ಲಿ ತೀರ್ಮಾನಿಸುವುದಲ್ಲ. ಅಂದಿನಿಂದ ಕೆಲಸ ಬಿಡುವವರೆಗೂ ನಾನು ಒಂದು ರೀಲನ್ನೂ ಬಿಟ್ಟಿಲ್ಲ. ಮ್ಯಾನೇಜರ್ ಎಷ್ಟು ಬೈದರೂ ಬಿಟ್ಟಿಲ್ಲ. ಆದರೆ ಅದರಿಂದ ಆ ಮನುಷ್ಯನಿಗೆ ಏನಾಗಬೇಕು?

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ನನ್ನ ಬಂಗಾರ, ಬೈಯಲಿಲ್ಲ. ಕಣ್ಣರಳಿಸಿ ಕೇಳುತ್ತಾ ಕುಳಿತಿದ್ದವಳು ಕೊನೆಗೆ ಒಂದೇ ಮಾತು ಕೇಳಿದಳು: "ಅದ್ಸರಿ ತಾತ, ಡ್ರೈವರ್ನ ಯಾಕೆ ಕೊಂದಿದ್ರು?"

ನನಗೆ ಇವತ್ತಿಗೂ ಗೊತ್ತಿಲ್ಲ.