ನನ್ನ ಪಾಲಿನ ದಾಳ

ಮದುವೆಯಾಗಿ ಯಲ್ದೂರಿನಿಂದ ಕೋಲಾರಕ್ಕೆ ಬಂದ ಹೊಸದರಲ್ಲಿ ನನ್ನ ಗಂಡನ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ. ಹಾಲಿನ ಡೇರಿಯಲ್ಲಿ ಕೆಲಸ, ಭಾನುವಾರ ಮಧ್ಯಾಹ್ನ ಆಟ. ಇಸ್ಪೀಟು ಇರಬೇಕು ಅಂದುಕೊಂಡಿದ್ದೆ. ಅದು ಕಥೆ ಕಟ್ಟುವ ಆಟ. ಅವರು ಕಥೆ ಹೇಳೋರು; ನಾವು ಅದರೊಳಗಿನ ಒಬ್ಬೊಬ್ಬರಾಗಿ, ಏನು ಮಾಡ್ತೀವಿ ಅಂತ ಹೇಳಬೇಕು. ಆಡೋಕೆ ಅವರ ಸ್ನೇಹಿತರೊಬ್ಬರು ಮುಳಬಾಗಿಲಿನಿಂದ ಬಸ್ಸಲ್ಲಿ ಬರೋರು. ಮೂರನೆಯವಳು ನಾನು. ಕಾಡುದಾರಿಯಲ್ಲಿ ಗಾಡಿಗಳನ್ನು ಕಾಯುವ, ಗುರಾಣಿ ಹಿಡಿದ ಹೆಂಗಸು ನನ್ನ ಪಾತ್ರ.

ಜಗಳ ಬಂದರೆ ಇಪ್ಪತ್ತು ಮುಖದ ದಾಳ ಉರುಳಬೇಕು. ಹೊಡೆಯುವವರದು ಒಂದು ದಾಳ, ಅದಕ್ಕೆ ಕತ್ತಿಯ ಬಲ ಕೂಡಿಸೋದು. ತಡೆಯುವವರದು ಇನ್ನೊಂದು, ಅದಕ್ಕೆ ಗುರಾಣಿಯ ಬಲ. ಹೊಡೆತದ ಲೆಕ್ಕ ಹೆಚ್ಚಾದರೆ ಏಟು ಬಿತ್ತು. ಸಮ ಬಂದರೂ ತಡೆದವರೇ ಗೆದ್ದಂಗೆ.

"ನೀನು ಹೊಸಬಳು, ನಿನ್ನ ತಡೆಯೋ ದಾಳನೂ ನಾನೇ ಹಾಕ್ತೀನಿ" ಅಂದಿದ್ದರು. ಮುಂದೆ ಒಂದು ರಟ್ಟು ಮರೆ ಇಟ್ಟುಕೊಂಡು ಅದರ ಹಿಂದೆ ಎರಡನ್ನೂ ಉರುಳಿಸೋರು. ಸ್ನೇಹಿತರಿಗೆ ಆಗಾಗ ಏಟು ಬೀಳೋದು. ನನಗೆ ಒಂದೂ ಇಲ್ಲ. ನನ್ನ ಅದೃಷ್ಟ ಚೆನ್ನಾಗಿದೆ ಅಂತ ಒಳಗೊಳಗೇ ಖುಷಿ.

ಒಂದು ಭಾನುವಾರ ಕಳ್ಳರು ಗಾಡಿಗೆ ಅಡ್ಡ ಹಾಕಿದರು. ನಾನು ಖಾರದ ಮಂಡಕ್ಕಿ ತರೋಕೆ ಎದ್ದವಳು ಗಂಡನ ಬೆನ್ನ ಹಿಂದಿನಿಂದ ಬಂದೆ; ರಟ್ಟಿನ ಮರೆಯ ದಾಳಗಳು ಕಂಡವು. ಕಳ್ಳನ ದಾಳ ಹತ್ತೊಂಬತ್ತು, ನನ್ನದು ನಾಲ್ಕು. "ತಪ್ಪಿಸ್ಕೊಂಡೆ ಕಣೇ" ಅಂದರು ಅವರು, ನಗುತ್ತಾ.

ತಟ್ಟೆ ಇಟ್ಟು ಕೂತೆ. "ಇನ್ಮೇಲೆ ನನ್ನ ದಾಳ ನಾನೇ ಹಾಕ್ತೀನಿ. ಆ ರಟ್ಟು ತೆಗೀರಿ."

ಅವರ ಮುಖ ಕೆಂಪಾಯಿತು. "ಏಟು ಬಿದ್ರೆ?"

"ಬೀಳ್ಲಿ."

ರಟ್ಟು ಕೆಳಗಿಟ್ಟರು. ಎರಡನೇ ಕಳ್ಳ ಬಂದ. ಅವರದು ಹದಿನೇಳು, ಕತ್ತಿಯ ಮೂರು ಸೇರಿ ಇಪ್ಪತ್ತು. ನನ್ನದು ಎಂಟು, ಗುರಾಣಿಯ ಐದು ಸೇರಿ ಹದಿಮೂರು.

"ಇನ್ನೊಂದ್ಸಲ ಹಾಕ್ತೀಯಾ?" ಅಂದರು, ಮೆಲ್ಲಗೆ.

"ಬೇಡ. ಎಲ್ಲಿ ಬಿತ್ತು ಹೇಳಿ."

"ಭುಜಕ್ಕೆ." ಹೇಳುವಾಗ ನನ್ನ ಮುಖ ನೋಡಲಿಲ್ಲ.

ಗಾಡಿಗಳೇನೋ ಕಾಡು ದಾಟಿದವು. ಸ್ನೇಹಿತರು ಹೋದ ಮೇಲೆ ಲೋಟ ತೊಳೆಯುತ್ತಾ ಹೇಳಿದೆ: "ಅಪ್ಪನಿಗೆ ಕಾಯಿಲೆ ಬಂದಾಗ ಮನೇಲಿ ಎಲ್ಲರಿಗೂ ಗೊತ್ತಿತ್ತು. ನೊಂದ್ಕೋತೀನಿ ಅಂತ ನಂಗೆ ಮಾತ್ರ ಹೇಳ್ಲಿಲ್ಲ. ಅವರು ತೀರ್ಕೊಳ್ಳೋ ಮುಂಚೆ ಸರಿಯಾಗಿ ಒಂದು ದಿನ ಪಕ್ಕ ಕೂರೋಕೂ ಆಗ್ಲಿಲ್ಲ."

ನನ್ನ ಗಂಡ ಕೈಯಲ್ಲಿದ್ದ ಲೋಟ ಒರೆಸಿಟ್ಟರು. ಆಮೇಲೆ ಅಂದರು: "ಎಲ್ಲಾ ಬಿಟ್ಟು ಬಂದಿದ್ದೀಯ. ಆಟದಲ್ಲಾದ್ರೂ ನಿಂಗೆ ನೋವಾಗೋದು ಬೇಡ ಅನ್ನಿಸ್ತು."

ನನಗೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಒದ್ದೆ ಕೈಯಲ್ಲೇ ಅವರ ತೋಳು ಹಿಡಿದುಕೊಂಡೆ.

ಅಂದಿನಿಂದ ಅವರು ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ. ಡೇರಿಯಲ್ಲಿ ಬೈಸಿಕೊಂಡಿದ್ದನ್ನೂ ಬಂದು ಹೇಳೋರು. ಮಾವಿನ ಕಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ, ಹೊಳೆ ದಾಟುವಾಗ ನನ್ನ ಪಾತ್ರಕ್ಕೆ ಮೇಲಿಂದ ಮೇಲೆ ಏಟು ಬಿತ್ತು. ಎಲ್ಲ ದಾಳಗಳೂ ನಮ್ಮ ಕಣ್ಣ ಮುಂದೆಯೇ ಇದ್ದವು. ಅವರು ಲೆಕ್ಕವನ್ನು ಎರಡೆರಡು ಸಲ ಕೂಡಿಸಿ ನೋಡಿದರು.

"ಚೆಪ್ಪರಾ" ಅಂದರು ಸ್ನೇಹಿತರು, ತೆಲುಗಿನಲ್ಲಿ; ಹೇಳೋ ಅಂತ.

"ಸತ್ತೋದ್ಲು" ಅಂದರು ನನ್ನ ಗಂಡ. ಕಣ್ಣು ತುಂಬಿತ್ತು.

ನನಗೂ ಸಂಕಟವಾಯಿತು. ಆದರೂ ಅವಳು ಹೇಗೆ ಬಿದ್ದಳು, ಹೊಳೆಯ ನೀರು ಹೇಗಿತ್ತು, ಎಲ್ಲವನ್ನೂ ಅವರಿಂದ ಹೇಳಿಸಿ ಕೇಳಿದೆ.